ಹಳೇ ಕಂಪ್ಯೂಟರಿನ ಮುಂದೆ ಕೂತರೆ ಕೆಲಸ ಯಾಕೆ ಸಾಗುತ್ತದೆ?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮರುದಿನ ಯಾವ ಕಂಪ್ಯೂಟರೂ ಕೆಟ್ಟು ಕೂರಲಿಲ್ಲ. ಆದರೆ ಕಳ್ಳ ಪ್ರೋಗ್ರಾಂಗಳಿಂದ ಕಾಯುವ ಅಪ್‌ಡೇಟ್‌ಗಳು ಸುಮ್ನೆ ಬರುವುದು ನಿಂತಿತು. ವಿಂಡೋಸ್ 11 ಹಾಕೋಣ ಎಂದರೆ, 2017ಕ್ಕಿಂತ ಮೊದಲು ಬಂದ ಬಹುಪಾಲು ಪ್ರೊಸೆಸರ್‌ಗಳನ್ನು ಅದು ಒಪ್ಪುವುದಿಲ್ಲ. ರಾಯಚೂರಿನ ಡಿಟಿಪಿ ಅಂಗಡಿ ಇರಲಿ, ಸಿಂಧನೂರಿನ ರೈಸ್ ಮಿಲ್ಲಿನ ಆಫೀಸ್ ಇರಲಿ, ಡಿಗ್ರಿ ಓದುವ ಮಕ್ಕಳಿರುವ ಮನೆ ಇರಲಿ, ಚೆನ್ನಾಗಿಯೇ ಓಡುತ್ತಿರುವ ಯಂತ್ರವನ್ನು ಏನು ಮಾಡೋದು ಅನ್ನೋ ಪ್ರಶ್ನೆ ಎಲ್ಲ ಕಡೆ ಎದ್ದಿದೆ.

ಇದೇ ಹೊತ್ತಿನಲ್ಲಿ ಕೆಲವರು ಬೇಕಂತಲೇ ಹಳೇ, ಸರಳ ಕಂಪ್ಯೂಟರಿಗೆ ಮರಳುತ್ತಿದ್ದಾರೆ. ಕಥೆ ಬರೆಯುವವರು, ಲೆಕ್ಕ ಬರೆಯುವವರು, ಪ್ರಬಂಧ ಸಿದ್ಧಮಾಡುವ ವಿದ್ಯಾರ್ಥಿಗಳು ಇವರಲ್ಲಿದ್ದಾರೆ. ಅದರ ಮುಂದೆ ಕೂತರೆ ಕೆಲಸ ಮುಗಿಯುತ್ತದೆ ಎನ್ನುತ್ತಾರೆ. ಇದು ಹಳೇದರ ಮೇಲಿನ ಬರೀ ಮಮಕಾರ ಅಂತ ತಳ್ಳಿಹಾಕುವ ಹಾಗಿಲ್ಲ. ಇದಕ್ಕೆ ಕಾರಣಗಳಿವೆ. ಕೆಲವು ಯಂತ್ರದೊಳಗಿವೆ, ಕೆಲವು ನಮ್ಮ ತಲೆಯೊಳಗಿವೆ.

## ಹಳೇದು ಅಂದರೆ ಯಾವುದು

ಹಳೇದು ಎನ್ನುವಾಗ ಮೂರು ಬೇರೆ ಬೇರೆ ವಸ್ತುಗಳನ್ನು ಜನ ಒಟ್ಟಿಗೆ ಸೇರಿಸಿಬಿಡುತ್ತಾರೆ. ಒಂದು, ಹಳೇ ಯಂತ್ರ: ಹತ್ತು ಹದಿನೈದು ವರ್ಷದ ಲ್ಯಾಪ್‌ಟಾಪ್, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಇನ್ನೊಂದು, ಹಳೇ ಬಗೆಯ ಸಾಫ್ಟ್‌ವೇರ್: ನೋಟ್‌ಪ್ಯಾಡ್‌ನಂಥವು, ಅದಕ್ಕೂ ಹಿಂದಿನ ಡಾಸ್ ಕಾಲದವು. ಮತ್ತೊಂದು, ಹಳೇ ಬಗೆಯ ಫೈಲ್. ಬಣ್ಣ, ದಪ್ಪ ಅಕ್ಷರ, ಚಿತ್ರ ಏನೂ ಇಲ್ಲದೆ ಬರೀ ಅಕ್ಷರ ಇರುವ ಫೈಲಿಗೆ ಪ್ಲೇನ್ ಟೆಕ್ಸ್ಟ್ ಎನ್ನುತ್ತಾರೆ. ಮೂರೂ ಒಟ್ಟಿಗೇ ಇರಬೇಕಂತಿಲ್ಲ. ಹೊಚ್ಚ ಹೊಸ ಲ್ಯಾಪ್‌ಟಾಪಿನಲ್ಲೂ ಪ್ಲೇನ್ ಟೆಕ್ಸ್ಟ್ ಬರೆಯಬಹುದು.

ಡಾಸ್ ಎನ್ನುವುದು 1981ರಲ್ಲಿ ಐಬಿಎಂ ಪಿಸಿಯ ಜೊತೆ ಬಂದ ವ್ಯವಸ್ಥೆ. ವಿಂಡೋಸ್ ಬರುವುದಕ್ಕೆ ಮೊದಲು ಯಂತ್ರವನ್ನು ನಡೆಸುತ್ತಿದ್ದುದು ಇದೇ. ಅದರಲ್ಲಿ ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ಓಡುತ್ತಿತ್ತು. ಪತ್ರ ಬರೆಯುತ್ತಿದ್ದರೆ ಪರದೆ ಪೂರ್ತಿ ಪತ್ರವೇ. ಲೆಕ್ಕ ನೋಡಬೇಕೆಂದರೆ ಪತ್ರ ಉಳಿಸಿ, ಆ ಪ್ರೋಗ್ರಾಂ ಮುಚ್ಚಿ, ಇನ್ನೊಂದನ್ನು ತೆರೆಯಬೇಕು. ಅವತ್ತಿಗೆ ಅದು ಕೊರತೆ. ಇವತ್ತು ಹುಡುಕಿಕೊಂಡು ಹೋಗುವವರಿಗೆ ಬೇಕಾಗಿರುವುದು ಆ ಕೊರತೆಯೇ.

## ಗಂಜಿನಲ್ಲಿ ಲೆಕ್ಕ ಬರೆಯುವ ಕೈ

ಇದನ್ನು ಕಣ್ಣಾರೆ ನೋಡಬೇಕೆಂದರೆ ರಾಯಚೂರಿನ ರಾಜೇಂದ್ರ ಗಂಜ್ ಮಾರುಕಟ್ಟೆಗೆ ಹತ್ತಿ ಸೀಸನ್ನಿನಲ್ಲಿ ಹೋಗಬೇಕು. ಹೊರಗೆ ಹತ್ತಿ ಗಾಡಿಗಳ ಸಾಲು, ಹಮಾಲರ ಕೂಗು, ತೂಕದ ಗಲಾಟೆ. ಒಳಗೆ ದಲಾಲಿ ಅಂಗಡಿಯ ಗುಮಾಸ್ತರು ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್ ತೆರೆದು ಕೂತಿರುತ್ತಾರೆ. ಅವರ ಕಣ್ಣು ಪರದೆಯ ಮೇಲೆ ಇರುವುದೇ ಕಮ್ಮಿ. ಎಡಗೈಯಲ್ಲಿ ತೂಕದ ಚೀಟಿ, ಬಲಗೈ ಕೀಬೋರ್ಡಿನ ಅಂಕಿಗಳ ಮೇಲೆ. ಖರೀದಿಗೆ ಎಫ್9, ಮಾರಾಟಕ್ಕೆ ಎಫ್8, ದುಡ್ಡು ಕೊಟ್ಟರೆ ಎಫ್5, ಬಂದರೆ ಎಫ್6. ಎಂಟರ್, ಎಂಟರ್, ಮೊತ್ತ, ಮತ್ತೆ ಎಂಟರ್. ಮೌಸ್ ಮೂಲೆಯಲ್ಲಿ ಸುಮ್ನೆ ಬಿದ್ದಿರುತ್ತದೆ. ಪಕ್ಕದಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕರಕರ ಎನ್ನುತ್ತ ಅಂಚಿನಲ್ಲಿ ತೂತಿರುವ ಕಾಗದವನ್ನು ಹೊರಗೆ ತಳ್ಳುತ್ತಿರುತ್ತದೆ. ಅದು ಸೂಜಿಯಂಥ ಪಿನ್ನುಗಳಿಂದ ರಿಬ್ಬನ್ ಮೇಲೆ ಕುಟ್ಟಿ ಅಕ್ಷರ ಮೂಡಿಸುತ್ತದೆ. ಹಾಗಾಗಿ ಕೆಳಗಿನ ಕಾರ್ಬನ್ ಪ್ರತಿಗಳಲ್ಲೂ ಅದೇ ಅಚ್ಚು ಬೀಳುತ್ತದೆ. ಒಂದೇ ಸಲಕ್ಕೆ ಮೂರು ಪ್ರತಿ. ಲೇಸರ್ ಪ್ರಿಂಟರ್ ಕುಟ್ಟುವುದಿಲ್ಲ, ಅದರಿಂದ ಈ ಕೆಲಸ ಆಗುವುದಿಲ್ಲ.

ಟ್ಯಾಲಿ ನಮ್ಮ ರಾಜ್ಯದಲ್ಲೇ ಹುಟ್ಟಿದ್ದು. ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ವ್ಯಾಪಾರಕ್ಕೆ ಹೊಂದುವ ಲೆಕ್ಕದ ಸಾಫ್ಟ್‌ವೇರ್ ಸಿಗದೆ ಮಗ ಭರತ್ ಗೋಯೆಂಕಾ ಅವರಿಂದ ಬರೆಸಿದರು. 1986ರಲ್ಲಿ ಬೆಂಗಳೂರಿನಲ್ಲಿ ಕಂಪನಿ ಶುರುವಾಯಿತು. ಆಗ ಅದು ಡಾಸ್ ಮೇಲೆ ಓಡುತ್ತಿದ್ದ, ಕೀಲಿಗಳಿಂದಲೇ ನಡೆಯುವ ಪ್ರೋಗ್ರಾಂ. ಇವತ್ತಿನ ಟ್ಯಾಲಿ ಪ್ರೈಮ್ ಹೊಸದು, ಜಿಎಸ್‌ಟಿ ಎಲ್ಲ ಮಾಡುತ್ತದೆ. ಆದರೆ ಮಾರಾಟದ ಕೀಲಿ ಈಗಲೂ ಎಫ್8.

ನನ್ನ ಪ್ರಕಾರ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇಲ್ಲಿದೆ. ಕೀಲಿಯ ಜಾಗ ಬದಲಾಗದಿದ್ದರೆ ಬೆರಳು ಅದನ್ನು ಕಲಿತುಬಿಡುತ್ತದೆ. ಕಲಿತ ಮೇಲೆ ತಲೆ ಅದರ ಬಗ್ಗೆ ಯೋಚಿಸುವುದಿಲ್ಲ, ಚೀಟಿಯಲ್ಲಿರುವ ಅಂಕಿಯ ಬಗ್ಗೆ ಮಾತ್ರ ಯೋಚಿಸುತ್ತದೆ. ಮೌಸ್ ವಿಷಯ ಹಾಗಲ್ಲ. ಪ್ರತಿ ಸಲವೂ ಬಾಣದ ಗುರುತು ಎಲ್ಲಿದೆ ಅಂತ ಕಣ್ಣು ಹುಡುಕಬೇಕು, ಒತ್ತಬೇಕಾದ ಬಟನ್ ಹುಡುಕಬೇಕು, ಎರಡನ್ನೂ ಸೇರಿಸಬೇಕು. ಮೇಲಾಗಿ ಅಪ್‌ಡೇಟ್ ಬಂದಾಗೆಲ್ಲ ಬಟನ್ ಜಾಗ ಬದಲಾದರೆ ಕಲಿತದ್ದೆಲ್ಲ ನೀರಿನಲ್ಲಿ ಹೋಮ. ಹಳೇ ಸಾಫ್ಟ್‌ವೇರ್ ಬದಲಾಗುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ಕಲಿತ ಕೈ ಇವತ್ತೂ ಅದರಲ್ಲಿ ಹಾಗೇ ಓಡುತ್ತದೆ.

## ಗಮನ ದಾರಿಯಲ್ಲೇ ಖರ್ಚಾಗುವುದು ಹೇಗೆ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಆಫೀಸಿನ ಜನ ಕಂಪ್ಯೂಟರಿನ ಮುಂದೆ ಹೇಗೆ ಕೆಲಸ ಮಾಡುತ್ತಾರೆ ಅನ್ನೋದನ್ನು ವರ್ಷಗಟ್ಟಲೆ ಅಳೆದವರು. 2004ರ ಸುಮಾರಿಗೆ ಜನ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿದ್ದರು. ಈಚಿನ ವರ್ಷಗಳಲ್ಲಿ ಅದು 47 ಸೆಕೆಂಡಿಗೆ ಇಳಿದಿದೆ. ಅವರ ಇನ್ನೊಂದು ಲೆಕ್ಕ: ಮಧ್ಯದಲ್ಲಿ ತುಂಡಾದ ಕೆಲಸಕ್ಕೆ ಜನ ಮರಳುವಷ್ಟರಲ್ಲಿ ಸರಾಸರಿ 23 ನಿಮಿಷ ಕಳೆದಿರುತ್ತದೆ. ಯಾಕೆಂದರೆ ನಾವು ನೇರವಾಗಿ ವಾಪಸ್ ಬರುವುದಿಲ್ಲ. ವಾಟ್ಸಾಪ್ ನೋಡಿ, ಅದರಲ್ಲಿ ಬಂದ ಲಿಂಕ್ ನೋಡಿ, ಇನ್ನೊಬ್ಬರಿಗೆ ಉತ್ತರ ಕೊಟ್ಟು, ಆಮೇಲೆ ಬರುತ್ತೇವೆ.

ಬಂದ ಮೇಲೂ ಪೂರ್ತಿ ಬಂದಿರುವುದಿಲ್ಲ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದನ್ನು ತೋರಿಸಿದರು. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ, ಮೊದಲಿನದರ ಯೋಚನೆ ತಲೆಯಲ್ಲಿ ಸ್ವಲ್ಪ ಉಳಿದೇ ಇರುತ್ತದೆ. ಅಷ್ಟರಮಟ್ಟಿಗೆ ಎರಡನೇ ಕೆಲಸ ಕೆಡುತ್ತದೆ.

ನಮ್ಮ ಕಡೆಯವರಿಗೆ ಇದನ್ನು ತುಂಗಭದ್ರಾ ಎಡದಂಡೆ ಕಾಲುವೆಯಿಂದ ಹೇಳಿದರೆ ಬೇಗ ಹೊಳೆಯುತ್ತದೆ. ಮುನಿರಾಬಾದ್ ಹತ್ತಿರ ನೀರು ಬಿಟ್ಟಾಗ ಕಾಲುವೆ ತುಂಬಿ ಹರಿಯುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು ಭಾಗ ದಾಟುವಾಗ ದಾರಿಯುದ್ದಕ್ಕೂ ತೂಬು, ಪೈಪು, ಪಂಪ್‌ಸೆಟ್. ಮಾನ್ವಿ, ಸಿರವಾರ, ರಾಯಚೂರು ಕಡೆಯ ಟೇಲೆಂಡ್, ಅಂದರೆ ಕಾಲುವೆಯ ಕೊನೇ ಭಾಗದ ರೈತರ ಹೊಲ ಮುಟ್ಟುವಷ್ಟರಲ್ಲಿ ಎಷ್ಟು ಉಳಿದಿರುತ್ತದೆ ಅನ್ನೋದು ಎಲ್ಲರಿಗೂ ಗೊತ್ತು. ಜಲಾಶಯದಲ್ಲಿ ನೀರಿಲ್ಲ ಅಂತಲ್ಲ, ಮೇಲಿನವರು ಎತ್ತಿಕೊಂಡಿರುತ್ತಾರೆ. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದಾಗ ಇರುವ ಗಮನವೂ ಹಾಗೇ. ಅಪ್‌ಡೇಟ್ ಕೇಳುವ ಕಿಟಕಿ, ಮೇಲ್ ಬಂತು ಎನ್ನುವ ಸದ್ದು, ಬ್ರೌಸರಿನ ಸುದ್ದಿ, ವಾಟ್ಸಾಪ್ ವೆಬ್ ಎಲ್ಲ ಮೇಲ್ಭಾಗದಲ್ಲೇ ಇವೆ. ಬರೆಯಬೇಕಾದ ಪುಟ ಟೇಲೆಂಡಿನಲ್ಲಿದೆ.

ಹಾಗಾದರೆ ನೋಟಿಫಿಕೇಶನ್ ಆಫ್ ಮಾಡಿದರೆ ಸಾಕಲ್ವಾ? ಅರ್ಧ ಸಾಕು. ಮಾರ್ಕ್ ಅವರ ಲೆಕ್ಕದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಅಡ್ಡಿಗಳು ಹೊರಗಿನಿಂದ ಬರುವುದಿಲ್ಲ, ನಾವೇ ಮಾಡಿಕೊಳ್ಳುತ್ತೇವೆ. ಒಂದು ವಾಕ್ಯ ಹೊಳೆಯಲಿಲ್ಲ ಎಂದ ಕೂಡಲೇ ಕೈ ತಾನಾಗಿ ಬ್ರೌಸರ್ ಕಡೆ ಹೋಗುತ್ತದೆ. ಯಾರೂ ಕರೆದಿರುವುದಿಲ್ಲ. ಇಂಟರ್ನೆಟ್ಟೇ ಇಲ್ಲದ ಯಂತ್ರದಲ್ಲಿ ಆ ಕೈಗೆ ಹೋಗಲು ಜಾಗವಿರುವುದಿಲ್ಲ. ಮತ್ತೆ ಅದೇ ವಾಕ್ಯಕ್ಕೆ ಬರಬೇಕು. ಪ್ರತಿ ಸಲ ಮನಸ್ಸನ್ನು ಬಿಗಿಹಿಡಿದು ಬೇಡ ಅನ್ನೋದಕ್ಕೂ, ಆ ದಾರಿಯೇ ಇಲ್ಲದಿರೋದಕ್ಕೂ ತುಂಬಾ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಸುಸ್ತಾಗುತ್ತದೆ.

## ಕೀಲಿ ಒತ್ತಿದ ಕೂಡಲೇ ಅಕ್ಷರ

ಇದು ಎಷ್ಟೋ ಜನ ನಂಬದ ಸಂಗತಿ. ಕೀಲಿ ಒತ್ತಿದ ಕ್ಷಣಕ್ಕೂ ಪರದೆಯ ಮೇಲೆ ಅಕ್ಷರ ಮೂಡುವ ಕ್ಷಣಕ್ಕೂ ಮಧ್ಯೆ ಇರುವ ವಿಳಂಬ ಹಳೇ ಯಂತ್ರಗಳಲ್ಲಿ ಕಡಿಮೆ ಇತ್ತು. ಡ್ಯಾನ್ ಲೂ ಎಂಬ ಅಮೆರಿಕದ ಇಂಜಿನಿಯರ್ 2017ರಲ್ಲಿ ವೇಗದ ಕ್ಯಾಮೆರಾ ಇಟ್ಟು ಇದನ್ನು ಅಳೆದರು. 1983ರ ಆಪಲ್ 2ಇ ಕಂಪ್ಯೂಟರಿಗೆ ಬೇಕಾದದ್ದು ಸುಮಾರು 30 ಮಿಲಿಸೆಕೆಂಡ್. ಒಂದು ಸೆಕೆಂಡಿಗೆ ಸಾವಿರ ಮಿಲಿಸೆಕೆಂಡ್. ಸಾವಿರಾರು ಪಟ್ಟು ಶಕ್ತಿಯಿರುವ ಎಷ್ಟೋ ಹೊಸ ಯಂತ್ರಗಳು 100 ಮಿಲಿಸೆಕೆಂಡ್ ದಾಟಿದವು.

ಹಳೇ ಯಂತ್ರದಲ್ಲಿ ಕೀಲಿಗೂ ಪರದೆಗೂ ನಡುವೆ ಕೈಬದಲಾಗುವ ಜಾಗ ಕಮ್ಮಿ. ಹೊಸದರಲ್ಲಿ ಒತ್ತಿದ ಸುದ್ದಿ ಮೊದಲು ಯುಎಸ್‌ಬಿ, ಆಮೇಲೆ ವಿಂಡೋಸ್, ಆಮೇಲೆ ವರ್ಡ್ ಅಥವಾ ಬ್ರೌಸರ್, ಅಲ್ಲಿ ಅಕ್ಷರದ ಆಕಾರ ಬಿಡಿಸಿ, ಎಲ್ಲ ಕಿಟಕಿಗಳನ್ನೂ ಒಟ್ಟುಗೂಡಿಸಿ, ಕೊನೆಗೆ ಪರದೆಗೆ ಬರುತ್ತದೆ. ಕಣ್ಣು ಈ ವಿಳಂಬವನ್ನು ಗುರುತಿಸದೇ ಇರಬಹುದು. ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ಟೈಪಿಂಗ್ ಚೆನ್ನಾಗಿ ಕಲಿತವರು ಇದನ್ನು ಬೇಗ ಹೇಳುತ್ತಾರೆ.

## ಡಾಸ್ ಮೇಲೆ ಬರೆದ ಕಾದಂಬರಿಗಳು

1978ರಲ್ಲಿ ಬಂದ ವರ್ಡ್‌ಸ್ಟಾರ್ ಎಂಬ ಬರವಣಿಗೆಯ ಸಾಫ್ಟ್‌ವೇರ್ ಡಾಸ್ ಕಾಲದಲ್ಲಿ ಬಹಳ ಹೆಸರು ಮಾಡಿತು. ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ 2014ರಲ್ಲಿ ಟಿವಿ ಸಂದರ್ಶನವೊಂದರಲ್ಲಿ ತಾವು ಈಗಲೂ ಅದರ 4.0 ಆವೃತ್ತಿಯಲ್ಲೇ, ಇಂಟರ್ನೆಟ್ ಇಲ್ಲದ ಡಾಸ್ ಯಂತ್ರದಲ್ಲಿ ಬರೆಯುವುದಾಗಿ ಹೇಳಿದರು. ಮೇಲ್ ನೋಡಲು ಅವರಿಗೆ ಬೇರೆ ಕಂಪ್ಯೂಟರ್ ಇತ್ತು. ತಾವು ಬರೆದದ್ದನ್ನು ಯಂತ್ರ ತಾನಾಗಿ ತಿದ್ದುವುದು ಅವರಿಗೆ ಇಷ್ಟವಿಲ್ಲ. ಹೊಸ ಹೊಸ ಹೆಸರು, ಊರುಗಳನ್ನು ಕಟ್ಟಿಕೊಂಡು ಬರೆಯುವವರಿಗೆ ಈ ಕಿರಿಕಿರಿ ಎಷ್ಟಿರುತ್ತದೆ ಅಂತ ಊಹಿಸಬಹುದು. ವರ್ಡ್‌ಸ್ಟಾರಿನಲ್ಲಿ ಕಂಟ್ರೋಲ್ ಜೊತೆ ಇ, ಎಸ್, ಡಿ, ಎಕ್ಸ್ ಒತ್ತಿ ಮೇಲೆ, ಎಡಕ್ಕೆ, ಬಲಕ್ಕೆ, ಕೆಳಗೆ ಹೋಗಬಹುದು. ಟೈಪ್ ಮಾಡುವ ಕೈ ಜಾಗ ಬಿಟ್ಟು ಏಳಬೇಕಿಲ್ಲ.

ಬರೆಯಲೆಂದೇ ಮಾಡಿದ ಯಂತ್ರಗಳೂ ಇದ್ದವು. 2004ರ ಆಲ್ಫಾಸ್ಮಾರ್ಟ್ ನಿಯೋ ನೋಡಲು ಒಂದು ಕೀಬೋರ್ಡ್, ಮೇಲೆ ಕೆಲವೇ ಸಾಲು ಹಿಡಿಯುವ ಸಣ್ಣ ಪರದೆ. ಮೂರು ಪೆನ್ಸಿಲ್ ಸೆಲ್ ಹಾಕಿದರೆ ಸುಮಾರು 700 ಗಂಟೆ ನಡೆಯುತ್ತಿತ್ತು. ಒಂದು ಕೀಲಿಗೆ ಒಂದರಂತೆ ಎಂಟು ಫೈಲ್. 2013ರಲ್ಲಿ ತಯಾರಿಕೆ ನಿಂತಿತು. ಅದಾದ ಮೇಲೂ ಬರಹಗಾರರು ಸೆಕೆಂಡ್ ಹ್ಯಾಂಡ್ ಹುಡುಕಿ ಕೊಳ್ಳುತ್ತಿದ್ದಾರೆ.

ಇವೆರಡೂ ಇಂಗ್ಲಿಷಿನವರ ಪುಣ್ಯ. ನಮಗೆ ಇದು ನೇರವಾಗಿ ಒದಗುವುದಿಲ್ಲ.

## ಕನ್ನಡಕ್ಕೆ ಎಷ್ಟು ಹಳೇದು ಆಗಬಹುದು

ಡಾಸ್ ಪರದೆಯಲ್ಲಿ 25 ಸಾಲು, ಸಾಲಿಗೆ 80 ಮನೆ. ಒಂದು ಮನೆಯಲ್ಲಿ ಒಂದು ಅಕ್ಷರ. ಒಟ್ಟು 256 ಬಗೆಯ ಗುರುತುಗಳಿಗೆ ಮಾತ್ರ ಜಾಗ. ಇಂಗ್ಲಿಷಿಗೆ ಅದು ಧಾರಾಳ. ಕನ್ನಡದಲ್ಲಿ ಒತ್ತು ಕೆಳಗೆ ಹೋಗಬೇಕು, ಗುಡಿಸು ಮೇಲೆ ಏರಬೇಕು, ಕೊಂಬು ಪಕ್ಕಕ್ಕೆ ಚಾಚಬೇಕು. ಆ ಮನೆಗಳಲ್ಲಿ ಇದು ಹಿಡಿಸುವುದಿಲ್ಲ. ಅದಕ್ಕಾಗಿಯೇ ಐಐಟಿ ಕಾನ್ಪುರದಲ್ಲಿ ಶುರುವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಎಂಬ ಸಾಧನವನ್ನು ಆಗ ಕಂಪ್ಯೂಟರಿನೊಳಗೆ ಬೇರೆಯಾಗಿ ಕೂರಿಸಬೇಕಿತ್ತು.

ವಿಂಡೋಸ್ ಬಂದ ಮೇಲೆ ಕನ್ನಡ ಸುಲಭವಾಯಿತು. ಶೇಷಾದ್ರಿವಾಸು ಅವರ 'ಬರಹ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಎಂಬ ಅಂಥದೇ ಸಾಫ್ಟ್‌ವೇರ್ ಸರ್ಕಾರಿ ಕಚೇರಿ, ಡಿಟಿಪಿ ಅಂಗಡಿಗಳಲ್ಲೆಲ್ಲ ನೆಲೆಯಾಯಿತು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ಲಕ್ಷಾಂತರ ಬೆರಳುಗಳಿಗೆ ಅಭ್ಯಾಸವಾಯಿತು. ಆದರೆ ಆ ಕಾಲದ ಫೈಲ್‌ಗಳಲ್ಲಿ ಒಂದು ತೊಡಕಿದೆ. ಒಳಗೆ ಉಳಿಯುತ್ತಿದ್ದುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಖ್ಯೆಗಳೇ. ನುಡಿ ಫಾಂಟ್ ಅದರ ಮೇಲೆ ಕನ್ನಡದ ಆಕಾರ ತೊಡಿಸುತ್ತಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಫೈಲ್ ತೆರೆದರೆ ಕಾಣುವುದು ಬರೀ ಕಲಸುಮೇಲೋಗರ. ಹಳೇ ಕರಾರು ಪತ್ರ, ಸ್ಮರಣ ಸಂಚಿಕೆ ಹುಡುಕಿ ತೆಗೆದವರಿಗೆ ಇದರ ಸಂಕಟ ಗೊತ್ತಿದೆ.

ಯೂನಿಕೋಡ್ ಇದನ್ನು ಬಗೆಹರಿಸಿತು. ಜಗತ್ತಿನ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಪ್ರತ್ಯೇಕ ಸಂಖ್ಯೆ ಕೊಡುವ ವ್ಯವಸ್ಥೆ ಇದು. "ಕೊಪ್ಪಳ" ಎಂದು ಬರೆದರೆ ನಮಗೆ ಕಾಣುವುದು ಮೂರು ಅಕ್ಷರ. ಕಂಪ್ಯೂಟರ್ ಉಳಿಸಿಕೊಳ್ಳುವುದು ಆರು ತುಣುಕು: ಕ, ಒಕಾರದ ಗುರುತು, ಪ, ಅರ್ಧಾಕ್ಷರದ ಗುರುತು, ಮತ್ತೊಂದು ಪ, ಳ. ಒಂದೊಂದಕ್ಕೆ 3 ಬೈಟ್, ಒಟ್ಟು 18 ಬೈಟ್. ಈ ತುಣುಕುಗಳನ್ನು ಜೋಡಿಸಿ ಪಕಾರಕ್ಕೆ ಒತ್ತು ಕೊಟ್ಟು ತೋರಿಸುವ ಕೆಲಸ ಫಾಂಟಿನದು. ಫಾಂಟ್ ಬದಲಾದರೂ ತುಣುಕು ಬದಲಾಗುವುದಿಲ್ಲ. ಹಾಗಾಗಿ ಇವತ್ತು ಬರೆದ ಫೈಲ್ ನಾಳೆ ಯಾವ ಯಂತ್ರದಲ್ಲಾದರೂ ತೆರೆಯುತ್ತದೆ. ಜಾಗವೂ ಜಾಸ್ತಿ ಬೇಡ. ಹಳೇ ಕಾಲದ 1.44 ಎಂಬಿ ಫ್ಲಾಪಿಯಲ್ಲಿ ಇಂಥ ಸುಮಾರು 4.9 ಲಕ್ಷ ತುಣುಕು ಹಿಡಿಯುತ್ತವೆ. ಅದು ಒಂದು ದಪ್ಪ ಕಾದಂಬರಿ.

ಆದ್ದರಿಂದ ಕನ್ನಡದಲ್ಲಿ ಬರೆಯುವವರು ಡಾಸ್‌ವರೆಗೆ ಹಿಂದೆ ಹೋಗಬೇಕಿಲ್ಲ, ಹೋದರೆ ನಷ್ಟವೇ. ಹಳೇ ಯಂತ್ರ, ಸರಳ ಪ್ರೋಗ್ರಾಂ, ಯೂನಿಕೋಡ್ ಪ್ಲೇನ್ ಟೆಕ್ಸ್ಟ್ ಮೂರೂ ಸೇರಿದರೆ ನಮಗೆ ಬೇಕಾದದ್ದು ಸಿಕ್ಕಿತು.

## ಎಲ್ಲಿ ಹಳೇದು ನಡೆಯುವುದಿಲ್ಲ

ಅಪ್‌ಡೇಟ್ ನಿಂತ ವಿಂಡೋಸ್‌ನಲ್ಲಿ ಬ್ಯಾಂಕ್ ವ್ಯವಹಾರ ಬೇಡ. ಸೇವಾ ಸಿಂಧು ಅರ್ಜಿ, ಆಧಾರ್, ಪಾಸ್‌ವರ್ಡ್ ಕೇಳುವ ಯಾವುದೂ ಬೇಡ. ಇಂಟರ್ನೆಟ್ಟಿಗೆ ಸೇರಿಸದೇ ಇಟ್ಟರೆ ಅಪಾಯ ಬಹಳ ಕಮ್ಮಿ. ಪೂರ್ತಿ ಇಲ್ಲ ಎನ್ನಲಾಗದು, ಯಾಕೆಂದರೆ ಪೆನ್‌ಡ್ರೈವ್ ಮೂಲಕ ವೈರಸ್ ಬರಬಹುದು. ಜಿಎಸ್‌ಟಿ ರಿಟರ್ನ್ ಆನ್‌ಲೈನಲ್ಲೇ ಸಲ್ಲಿಸಬೇಕು, ಐದು ಕೋಟಿ ದಾಟಿದ ವ್ಯಾಪಾರಕ್ಕೆ ಇ-ಇನ್‌ವಾಯ್ಸ್ ಕಡ್ಡಾಯ. ಗಂಜಿನ ಅಂಗಡಿ ಹಳೇ ಟ್ಯಾಲಿ ಒಂದನ್ನೇ ನಂಬಿ ಕೂರುವ ಕಾಲ ಹೋಯಿತು.

ಇನ್ನೊಂದು, ಧೂಳು ಮತ್ತು ಬಿಸಿಲು. ಬೇಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಹತ್ತಿಯ ನವಿರು ಲ್ಯಾಪ್‌ಟಾಪಿನ ಫ್ಯಾನಿಗೆ ಸುತ್ತಿಕೊಂಡರೆ ಒಳಗಿನ ಶಾಖ ಹೊರಗೆ ಹೋಗುವುದಿಲ್ಲ, ಯಂತ್ರ ತಾನಾಗಿ ಆಫ್ ಆಗುತ್ತದೆ. ಹಳೇ ಹಾರ್ಡ್ ಡಿಸ್ಕ್ ಯಾವತ್ತು ಕೈಕೊಡುತ್ತದೆ ಅಂತ ಹೇಳಲಾಗದು. ಡೆಸ್ಕ್‌ಟಾಪ್ ಪ್ರತಿ ಸಲ ತಪ್ಪು ತಾರೀಕು ತೋರಿಸುತ್ತಿದ್ದರೆ ಒಳಗಿನ ಗುಂಡು ಸೆಲ್ ಮುಗಿದಿದೆ ಅಷ್ಟೇ. ಸಿಆರ್2032 ಅಂತ ಕೇಳಿದರೆ ವಾಚ್ ಅಂಗಡಿಯಲ್ಲೂ ಸಿಗುತ್ತದೆ.

## ಮನೆಯಲ್ಲಿರುವ ಹಳೇ ಲ್ಯಾಪ್‌ಟಾಪಿಗೆ

ವಿಂಡೋಸ್ ತೆಗೆದು, ಅದರ ಜಾಗದಲ್ಲಿ ಯಂತ್ರ ನಡೆಸುವ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಹಾಕಿಸಬಹುದು. ಲಿನಕ್ಸ್ ಉಚಿತ, ಅಪ್‌ಡೇಟ್‌ಗಳೂ ಬರುತ್ತವೆ. ಅದರ ಬಗೆಗಳಲ್ಲಿ ಲುಬುಂಟು, ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರವಾದವು. 4 ಜಿಬಿ ರ‍್ಯಾಮ್ ಇದ್ದರೆ ಮಿಂಟ್ ಆರಾಮಾಗಿ ಓಡುತ್ತದೆ. ನುಡಿ ಕೀಲಿಮಣೆ ಕಲಿತವರಿಗೆ ಚಿಂತೆ ಬೇಡ, ಲಿನಕ್ಸ್‌ನ ಐಬಸ್ ಎಂಬ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಅದೇ ಗಣಕ ಪರಿಷತ್ತಿನ ಕೆಜಿಪಿ ವಿನ್ಯಾಸ ಸಿಗುತ್ತದೆ. ಬೆರಳು ಹೊಸದಾಗಿ ಏನೂ ಕಲಿಯಬೇಕಿಲ್ಲ. ಕಪ್ಪು ಪರದೆಯ ಟರ್ಮಿನಲ್ ಕಿಟಕಿಯಲ್ಲಿ ಮಾತ್ರ ಬರೆಯಲು ಹೋಗಬೇಡಿ. ಅಲ್ಲೂ ಡಾಸ್‌ನಂತೆ ಅಕ್ಷರಕ್ಕೊಂದು ಮನೆ ಇರುವುದರಿಂದ ಒತ್ತಕ್ಷರ ಸಾಮಾನ್ಯವಾಗಿ ಒಡೆದು ಕಾಣುತ್ತದೆ. ಜೊತೆಗೇ ಬರುವ ಸಾದಾ ಟೆಕ್ಸ್ಟ್ ಎಡಿಟರ್ ಸಾಕು, ಎಫ್11 ಒತ್ತಿ ಪರದೆ ಪೂರ್ತಿ ಮಾಡಿಕೊಳ್ಳಿ.

ಲಿನಕ್ಸ್ ಬೇಡ ಎಂದರೆ ವಿಂಡೋಸ್‌ನಲ್ಲೇ ಬರೆಯಲೆಂದು ಬೇರೆ ಯೂಸರ್ ಖಾತೆ ತೆರೆಯಿರಿ. ಅದರಲ್ಲಿ ವಾಟ್ಸಾಪ್, ಮೇಲ್ ಯಾವುದಕ್ಕೂ ಲಾಗಿನ್ ಆಗಬೇಡಿ. ವೈಫೈ ಆಫ್ ಇರಲಿ. ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ, ಇಲ್ಲವಾದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ನೋಟ್‌ಪ್ಯಾಡ್ ಕೂಡ ಮೊದಲಿನಷ್ಟು ಸರಳ ಉಳಿದಿಲ್ಲ ಅನ್ನೋದು ಗೊತ್ತಿರಲಿ. ವಿಂಡೋಸ್ 11ರಲ್ಲಿ ಅದಕ್ಕೆ ಟ್ಯಾಬ್, ಕಾಗುಣಿತ ತಿದ್ದುವುದು, ಎಐ ಎಲ್ಲ ಸೇರಿಕೊಂಡಿವೆ. ಸೆಟ್ಟಿಂಗ್‌ನಲ್ಲಿ ಬೇಡವಾದದ್ದನ್ನು ಆಫ್ ಮಾಡಬಹುದು.

ವಿಂಡೋಸ್ 7 ಅಥವಾ ಅದಕ್ಕಿಂತ ಹಳೆಯದಾಗಿದ್ದರೆ ಫೈಲ್ ಉಳಿಸುವಾಗ ಕೆಳಗೆ ಎನ್‌ಕೋಡಿಂಗ್ ಎಂದಿರುವ ಕಡೆ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಉಳಿಸುವ ಬಗೆ) ಆರಿಸಲೇಬೇಕು. ಇಲ್ಲವಾದರೆ ಬರೆದ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತದೆ, ಆಮೇಲೆ ವಾಪಸ್ ತರಲಾಗದು. 2019ರ ನಂತರದ ವಿಂಡೋಸ್ 10ರಲ್ಲಿ ಇದು ತಾನಾಗಿ ಆಗುತ್ತದೆ.

ಹಳೇ ನುಡಿ, ಬರಹ ಫೈಲ್‌ಗಳು ಇದ್ದರೆ ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಆ ಫಾಂಟ್ ಇರುವ ಯಂತ್ರ ಕೆಲಸ ಮಾಡುತ್ತಿರುವಾಗಲೇ ಇದನ್ನು ಮುಗಿಸಿಕೊಳ್ಳಿ, ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಬಹುದು. ಅರ್ಕಾವತ್ತು ಇರುವ ಪದಗಳ ಮೇಲೆ ಕಣ್ಣಿಡಿ. ಧರ್ಮ, ಸೂರ್ಯ, ಕಾರ್ಯದರ್ಶಿ ಇಂಥವುಗಳಲ್ಲಿ ತಪ್ಪು ನುಸುಳುವ ಸಂಭವ ಜಾಸ್ತಿ. ದಿನದ ಕೆಲಸ ಮುಗಿದ ಮೇಲೆ ಫೈಲ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ. ವಾರಕ್ಕೊಮ್ಮೆಯಾದರೂ ಬೇರೆ ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಕೊನೇ ಪುಟದವರೆಗೆ ಕನ್ನಡ ಸರಿಯಾಗಿ ಕಾಣುತ್ತಿದೆಯಾ ನೋಡಿ.